ಬೆಳ್ಳಿ ಕಪ್ಪಿನ ಎಂಜಲು

ಕಾಯಿಲೆಯ ಬಗ್ಗೆ ಯಾರಾದರೂ ಬರೆದದ್ದು ಕೈಗೆ ಸಿಕ್ಕರೆ ನಾನು ಮೊದಲು ಕೊನೆಯ ಪುಟ ತಿರುವಿ ನೋಡುತ್ತೇನೆ, ಬರೆದವನು ಉಳಿದನೋ ಇಲ್ಲವೋ ಎಂದು. ನಿಮಗೆ ಆ ತೊಂದರೆ ಬೇಡ. ನಾನು ಉಳಿದಿದ್ದೇನೆ. ಎರಡು ಮಹಡಿ ಒಟ್ಟಿಗೆ ಹತ್ತಿದರೆ ಬಲಗಡೆಯ ಪಕ್ಕೆ ಹಿಡಿದುಕೊಳ್ಳುತ್ತದೆ, ಎಡಗಿವಿಯಲ್ಲಿ ಸದಾ ಒಂದು ಸಣ್ಣ ಗುಂಯ್ ಎಂಬ ಸದ್ದು ಇರುತ್ತದೆ. ಉಳಿದದ್ದೆಲ್ಲ ಸರಿಯಿದೆ. ಹೆದರುವ ಸ್ವಭಾವ ಮಾತ್ರ ಹೋಗಿಲ್ಲ, ಅದು ಕಾಯಿಲೆಗಿಂತ ಮೊದಲೇ ಇತ್ತು.

ಈಗ ಇದನ್ನು ಬರೆಯಲು ಕಾರಣ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಸೊಸೆ. ಒಂದು ತಿಂಗಳು ಅವಳು ಕಾಣಲಿಲ್ಲ. ಕೇಳಿದರೆ ಅತ್ತೆ "ಸ್ವಲ್ಪ ವೀಕ್‌ನೆಸ್" ಎಂದರು. ಮೊನ್ನೆ ಮೆಟ್ಟಿಲಲ್ಲಿ ಎದುರಾದಾಗ ಆ ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿ, ಸೆರಗು ಬಾಯಿಗೆ ಹಿಡಿದು ನನಗೆ ದಾರಿ ಬಿಟ್ಟಳು. ಆ ಕೈ ನನಗೆ ಗುರುತು ಸಿಕ್ಕಿತು. ನಾನೂ ಒಂದು ವರ್ಷ ಹಾಗೇ ನಡೆದವನು. ಅವಳಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಬರೆದರೆ ಎಲ್ಲಾದರೂ ಓದಿಯಾಳು.

ನಾನು ಹೇಳುತ್ತಿರುವುದು ಐವತ್ತರ ದಶಕದ ಬೊಂಬಾಯಿಯ ಮಾತು. ನಾವಿದ್ದದ್ದು ಪರೇಲಿನ ಚಾಳಿನಲ್ಲಿ, ಒಂದು ಖೋಲಿ, ಮುಂದೆ ಉದ್ದದ ಗ್ಯಾಲರಿ, ಎದುರಿಗೆ ಮಿಲ್ಲಿನ ಗೋಡೆ. ಅಪ್ಪಯ್ಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡಿಗೆಯವರು. ನಾನು ಅದೇ ಫೋರ್ಟಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ, ಓದಿದ್ದಕ್ಕಿಂತ ಹೆಚ್ಚು ರಗ್ಬಿ ಆಡುತ್ತಿದ್ದೆ.

ಅಡಿಗೆ ಭಟ್ಟರ ಮಗನಿಗೆ ರಗ್ಬಿ ಎಲ್ಲಿಂದ ಬಂತು ಎಂದು ಊರಿನವರೆಲ್ಲ ಕೇಳುತ್ತಿದ್ದರು. ಹೋಟೆಲಿನ ರುಬ್ಬುಗುಂಡಿನಿಂದ ಬಂತು. ರಜೆಯಲ್ಲೆಲ್ಲ ಹಿಟ್ಟು ರುಬ್ಬಿ ನನ್ನ ಹೆಗಲು ಅಗಲವಾಗಿತ್ತು. ಮೊದಲ ವರ್ಷವೇ ನಮ್ಮ ವ್ಯಾಯಾಮದ ಮಾಸ್ತರರು ಆ ಹೆಗಲನ್ನು ಒಮ್ಮೆ ತಟ್ಟಿ ನೋಡಿ, ಹೆಸರೂ ಕೇಳದೆ ಟೀಮಿಗೆ ಹಾಕಿಕೊಂಡರು. ಅಮ್ಮನಿಗೆ ಆ ಆಟದ ಚೆಂಡು ಕಂಡರೆ ನಗು. ಅದು ನಮ್ಮ ಊರಿನ ಸೌತೆಕಾಯಿಯ ಆಕಾರದ್ದು. "ಒಂದು ಸೌತೆಕಾಯಿಗೆ ಮೂವತ್ತು ಜನ ಹೊಡ್ದಾಡುದಾ? ಅಂಗಡಿಯಿಂದ ತಲೆಗೊಂದು ತಂದು ಕೊಟ್ರೆ ಆಗುದಿಲ್ವಾ?" ಎನ್ನುತ್ತಿದ್ದಳು.

ನಮ್ಮ ಕಾಲೇಜು ಆಗ ಸೋಲು ಕಾಣದ ಕಾಲೇಜು. ನಾನು ಸೇರುವ ಮೊದಲಿನಿಂದಲೂ ಮಳೆಗಾಲದ ಕೊನೆಗೆ ನಡೆಯುವ ದೊಡ್ಡ ಮ್ಯಾಚನ್ನು ನಾವೇ ಗೆಲ್ಲುತ್ತಿದ್ದೆವು. ಎದುರಾಳಿಗಳು ಗುಡ್ಡದ ಮೇಲಿನ ಕಾಲೇಜಿನವರು. ಅವರನ್ನು ನಾವು ಗುಡ್ಡದವರು ಎನ್ನುತ್ತಿದ್ದೆವು, ಅವರು ನಮ್ಮನ್ನು ಕೋಟೆಯವರು ಎನ್ನುತ್ತಿದ್ದರು. ವರ್ಷವಿಡೀ ಬೇರೆ ಯಾರಿಗೆ ಸೋತರೂ ಅವರಿಗೆ ಬೇಸರವಿಲ್ಲ, ಆ ಒಂದು ದಿನ ನಮ್ಮನ್ನು ಸೋಲಿಸಿದರೆ ಸಾಕಿತ್ತು. ಆ ಒಂದು ದಿನ ಸೋಲದಿದ್ದರೆ ನಮಗೂ ಸಾಕಿತ್ತು.

ಈ ಆಟದಲ್ಲಿ ಸ್ಕ್ರಮ್ ಎಂದು ಒಂದಿದೆ. ಎರಡೂ ಕಡೆಯ ಎಂಟೆಂಟು ಜನ ಬೆನ್ನು ಬಗ್ಗಿಸಿ, ಒಬ್ಬರನ್ನೊಬ್ಬರು ಹಿಡಿದು, ಎದುರಿನವರ ತಲೆಗಳ ನಡುವೆ ತಲೆ ತೂರಿಸಿ ತಳ್ಳಬೇಕು. ನಾನು ಮೊದಲ ಸಾಲಿನವನು. ಯಾವಾಗ ತಳ್ಳಬೇಕೆಂದು ಎದುರಾಳಿಗೆ ತಿಳಿಯಬಾರದಲ್ಲ, ಅದಕ್ಕೆ ನಾನು ನಮ್ಮವರಿಗೆ ತುಳುವಿನ ಎಣಿಕೆ ಕಲಿಸಿದ್ದೆ. ಒಂಜಿ, ರಡ್ಡ್, ಮೂಜಿ. ಮೂಜಿ ಎಂದರೆ ತಳ್ಳುವುದು. ಟೀಮಿನಲ್ಲಿದ್ದ ಸಿಂಧಿ, ಗುಜರಾತಿ, ಬಾಂದ್ರಾದ ಕ್ರೈಸ್ತರು ಎಲ್ಲರೂ ತುಳುವಿನಲ್ಲಿ ಮೂರರ ತನಕ ಎಣಿಸುತ್ತಿದ್ದರು. ನಮ್ಮ ಗೆಲುವಿನ ಗುಟ್ಟು ಇದೇ ಎಂದು ನಾನು ನಂಬಿದ್ದೆ.

ಸ್ಕ್ರಮ್ಮಿನಲ್ಲಿ ನಾಲ್ಕು ವರ್ಷವೂ ನನ್ನ ಎದುರಿಗೆ ಒಬ್ಬನೇ, ಹೋಮಿ. ದಾದರಿನ ಪಾರ್ಸಿ ಹುಡುಗ, ನನ್ನಷ್ಟೇ ಅಗಲ, ನನಗಿಂತ ಸ್ವಲ್ಪ ಗಿಡ್ಡ. ಮೈದಾನದ ಹೊರಗೆ ನಾವು ಮಾತಾಡಿದ್ದು ಕಡಿಮೆ. ಆದರೆ ಅವನ ಕೆನ್ನೆ ನನ್ನ ಕೆನ್ನೆಗೆ, ಅವನ ಉಸಿರು ನನ್ನ ಮೂಗಿಗೆ ತಾಗಿದಷ್ಟು ಬೇರೆ ಯಾರದ್ದೂ ತಾಗಿಲ್ಲ. ಪ್ರತಿ ಮ್ಯಾಚಿನ ಮೊದಲ ಸ್ಕ್ರಮ್ಮಿನಲ್ಲಿ ಅವನು ಮೂಗು ಅರಳಿಸಿ ನಾನು ಏನು ತಿಂದು ಬಂದಿದ್ದೇನೆಂದು ಹೇಳುತ್ತಿದ್ದ. "ಇಡ್ಲಿ," ಎನ್ನುತ್ತಿದ್ದ, ಇಲ್ಲವೇ "ದೋಸಾ, ಬೆಳ್ಳುಳ್ಳಿ ಇಲ್ಲ." ಒಮ್ಮೆಯೂ ತಪ್ಪಿದ್ದಿಲ್ಲ. ಆಮೇಲೆ ಇಬ್ಬರೂ ಗೂಳಿಗಳ ಹಾಗೆ ತಳ್ಳುತ್ತಿದ್ದೆವು. ನಮ್ಮ ಮಾತೆಲ್ಲ ಹಿಂದಿ ಇಂಗ್ಲಿಷಿನ ಬೆರಕೆ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮ್ಯಾಚು ಮುಗಿದ ಮೇಲೆ ಇನ್ನೊಂದು ಪದ್ಧತಿ. ಎರಡು ಹಿಡಿಕೆಯ ಒಂದು ಬೆಳ್ಳಿ ಕಪ್ ಇತ್ತು. ಗೆದ್ದ ಟೀಮಿನ ಕ್ಯಾಪ್ಟನ್ ಅದರಿಂದ ಮೊದಲ ಗುಟುಕು ಕುಡಿಯಬೇಕು, ಎರಡನೆಯದು ಸೋತ ಕ್ಯಾಪ್ಟನ್, ಆಮೇಲೆ ಮೂವತ್ತೂ ಜನ ಒಬ್ಬರ ನಂತರ ಒಬ್ಬರು. ಇಂಗ್ಲಿಷರ ಕಾಲದಲ್ಲಿ ಅದರಲ್ಲಿ ಬಿಯರ್ ಇರುತ್ತಿತ್ತಂತೆ. ಪಾನನಿಷೇಧ ಬಂದ ಮೇಲೆ ಸೋಡಾ ಅಂಗಡಿಯ ಲೆಮನೇಡ್ ಬಂತು. ನಾನು ಟೀಮಿಗೆ ಸೇರಿದ ವರ್ಷದಿಂದ ಅಪ್ಪಯ್ಯ ಒಂದು ಹಿತ್ತಾಳೆ ಕೊಡದಲ್ಲಿ ಬೆಲ್ಲ, ಏಲಕ್ಕಿ, ಕಾಳುಮೆಣಸಿನ ಪಾನಕ ಮಾಡಿ ಕಳಿಸತೊಡಗಿದರು.

ನನ್ನ ಕಷ್ಟ ಪಾನಕದ್ದಲ್ಲ, ತುಟಿಯದ್ದು. ಲೋಟಕ್ಕೆ ಬಾಯಿ ತಾಗಿಸಿ ಕುಡಿಯುವುದು ನಮ್ಮ ಮನೆಯಲ್ಲಿ ಇಲ್ಲ. ಎತ್ತಿ ಹಿಡಿದು, ಮೇಲಿನಿಂದ ಗಂಟಲಿಗೆ ಹೊಯ್ದುಕೊಳ್ಳಬೇಕು. ತಾಗಿಸಿದರೆ ಎಂಜಲು. ಇಡೀ ಟೀಮು ತುಟಿ ಇಟ್ಟ ಕಪ್ಪನ್ನು ನಾನೊಬ್ಬ ಮೂರು ವರ್ಷ ಎತ್ತಿ ಕುಡಿದೆ, ಮೂರು ವರ್ಷವೂ ಎಲ್ಲರೂ "ಪಂಡಿತ್‌ಜೀ, ಪಂಡಿತ್‌ಜೀ" ಎಂದು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಒಳಗೆ ಮಾತ್ರ ನಾಚಿಕೆಯಾಗುತ್ತಿತ್ತು. ನಾಲ್ಕನೆಯ ವರ್ಷ ನಾನೇ ಕ್ಯಾಪ್ಟನ್ ಆದೆ. ಈ ಸಲ ಗೆದ್ದರೆ ಎಲ್ಲರಂತೆ ಕುಡಿಯುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆ ಮಳೆಗಾಲ ನನಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬೆಳಿಗ್ಗೆ ಏಳುವಾಗ ಬನಿಯನ್ ಒದ್ದೆ. ಮಳೆಯಲ್ಲಿ ಆಡಿದ್ದಕ್ಕೆ ಎಂದುಕೊಂಡೆ. ಮ್ಯಾಚಿಗೆ ಒಂದು ವಾರವಿರುವಾಗ ಮೋರಿಯಲ್ಲಿ ಉಗುಳಿದರೆ ಕೆಂಪು. ನೀರು ಹೊಯ್ಯುವಷ್ಟರಲ್ಲಿ ಅಮ್ಮ ನೋಡಿಬಿಟ್ಟಳು.

"ಎಂತ ಮಗ ಅದು?"

"ಪ್ರಾಕ್ಟೀಸಿನಲ್ಲಿ ತುಟಿ ಒಡ್ದದ್ದು ಅಮ್ಮ."

"ತುಟಿ ಎಲ್ಲಿ ಒಡ್ದಿದೆ, ತೋರ್ಸು."

"ಒಳಗೆ."

ರಗ್ಬಿಯವನ ಬಾಯಲ್ಲಿ ರಕ್ತ ಕಂಡರೆ ಯಾರೂ ಕೇಳುವುದಿಲ್ಲ, ಅದೇ ನನಗೆ ಅನುಕೂಲವಾಯಿತು. ತುಟಿ ಒಡೆದಿರಲಿಲ್ಲ, ಅದು ನನಗೆ ಗೊತ್ತಿತ್ತು. ಎಲ್ಲಿಂದ ಬಂತು ಎಂದು ಮಾತ್ರ ನಾನು ನನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಡಾಕ್ಟರರ ಹತ್ತಿರ ಹೋಗಬೇಕಿತ್ತು, ಹೋದರೆ ಮ್ಯಾಚು ತಪ್ಪುತ್ತಿತ್ತು. ಇಷ್ಟು ವರ್ಷವಾದ ಮೇಲೆ ಇದನ್ನು ಮರೆಮಾಚಿ ಬರೆದು ಏನು ಪ್ರಯೋಜನ? ಅಂಗಡಿಯಿಂದ ಕೆಮ್ಮಿನ ಔಷಧದ ಬಾಟಲಿ ತಂದು ಕುಡಿದು ಮೈದಾನಕ್ಕೆ ಇಳಿದೆ.

ಮೊದಲ ಸ್ಕ್ರಮ್ಮಿನಲ್ಲಿ ಹೋಮಿ ಮೂಗು ಅರಳಿಸಿದ. "ಇವತ್ತು ಗೊತ್ತಾಗ್ತಿಲ್ಲ ರಾವ್. ಔಷಧಿ ವಾಸನೆ," ಎಂದ. ನಾನು ಉತ್ತರಿಸುವ ಬದಲು ಎಣಿಸಿದೆ.

ಕೆಸರಿನಲ್ಲಿ ಆ ದಿನ ಎಷ್ಟು ಸಲ ತಲೆಗೆ ತಲೆ ಕೊಟ್ಟೆವೋ ಲೆಕ್ಕವಿಲ್ಲ. ಅರ್ಧ ಆಟ ಮುಗಿದ ಮೇಲೆ ನನಗೆ ಉಸಿರು ಸಾಲದೆ ಕಣ್ಣು ಕತ್ತಲೆ ಬರುತ್ತಿತ್ತು. ಎದೆಯೊಳಗಿಂದ ಕೆಮ್ಮು ಬಂದರೆ ತಡೆಯಲು ಜಾಗವೂ ಇಲ್ಲ, ಕೈಯೂ ಖಾಲಿ ಇಲ್ಲ. ಹೋಮಿಯ ಮುಖದ ಮೇಲೇ ಕೆಮ್ಮಿದೆ. ಅವನು "ಸಾಲಾ" ಎಂದು ನಕ್ಕ. ಕೊನೆಗೆ ನಾವು ಸ್ವಲ್ಪದರಲ್ಲಿ ಗೆದ್ದೆವು.

ಕಪ್ ನನ್ನ ಕೈಗೆ ಬಂತು. ಎತ್ತಿ ಕುಡಿಯಲು ಉಸಿರು ಬಿಗಿ ಹಿಡಿಯಬೇಕು, ನನಗೆ ಅದು ಸಾಧ್ಯವೇ ಇರಲಿಲ್ಲ. ಎಲ್ಲರಂತೆ ಆಗುವ ಆಸೆ ಒಂದು ಕಡೆ, ಹಿಡಿಯಲು ಉಸಿರಿಲ್ಲದ್ದು ಇನ್ನೊಂದು ಕಡೆ. ತುಟಿ ಇಟ್ಟು ಕುಡಿದೆ. "ಪಂಡಿತ್ ಬಿಗಡ್ ಗಯಾ", ಪಂಡಿತ ಕೆಟ್ಟುಹೋದ, ಎಂದು ನಮ್ಮವರು ಕುಣಿದರು. ಕೆಳಗಿಳಿಸಿದಾಗ ಬೆಳ್ಳಿಯ ಅಂಚಿನಲ್ಲಿ ಕೆಂಪಗೆ ಒಂದು ಗೆರೆ. ಜೆರ್ಸಿಯ ತೋಳಿನಿಂದ ಒರೆಸಿ ಸೋತ ಕ್ಯಾಪ್ಟನ್ನಿಗೆ ಕೊಟ್ಟೆ. ಸೋತ ಕ್ಯಾಪ್ಟನ್ ಹೋಮಿ. ಅವನು ಅದೇ ಜಾಗದಲ್ಲಿ ತುಟಿ ಇಟ್ಟು ಕುಡಿದು ಮುಂದಿನವನಿಗೆ ದಾಟಿಸಿದ.

ಎರಡು ವಾರದ ನಂತರ ಪರೇಲಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮನ ಜೊತೆ ಕೂತಿದ್ದೆ. ಕಾಯುವ ಕೋಣೆಯಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಸ್ವಲ್ಪ ಜರುಗಿ ಕೂರುತ್ತಿದ್ದರು, ಬೆಂಚು ಮಾತ್ರ ಅಷ್ಟೇ ಉದ್ದ. ಒಬ್ಬ ಕೆಮ್ಮಿದರೆ ಎಲ್ಲರೂ ಅವನನ್ನು ನೋಡಿ, ಮರುಕ್ಷಣವೇ ತಾವೂ ಕೆಮ್ಮುತ್ತಿದ್ದರು. ಅಮ್ಮ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಕಂಬಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಏನೋ ಜಪಿಸುತ್ತಿದ್ದಳು.

ಒಳಗಿದ್ದವರು ಮರಾಠಿ ಲೇಡಿ ಡಾಕ್ಟರ್. ಮರಾಠಿಯ ಗೌರವದ ರೀತಿಯಲ್ಲಿ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೇ ಬಘಾ, ನೋಡು ಇಲ್ಲಿ, ಟಿ.ಬಿ.," ಎಂದರು. ಬಸ್ ನಂಬರ್ ಹೇಳುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿ, "ಈಗ ಔಷಧ ಇದೆ ಬಾಳಾ, ಮೊದಲಿನ ಹಾಗಲ್ಲ," ಎಂದೂ ಸೇರಿಸಿದರು. ಮಗೂ ಎಂದ ಹಾಗಿನ ಆ ಒಂದು "ಬಾಳಾ" ಎಂಬ ಮಾತಿನ ಬಲದಿಂದ ನಾನು ಆ ದಿನ ಮನೆ ತಲುಪಿದೆ.

ಅಮ್ಮನಿಗೆ ಆ ಎರಡು ಅಕ್ಷರ ಅರ್ಥವಾಗಲಿಲ್ಲ. "ಟಿ.ಬಿ. ಅಂದ್ರೆ ಎಂತ? ತಲೆಬಿಸಿಯಾ?" ಎಂದು ರಸ್ತೆಯಲ್ಲಿ ಕೇಳಿದಳು. ನಗು ಬಂತು, ನಕ್ಕರೆ ಕೆಮ್ಮು ಬಂತು. "ಕ್ಷಯ," ಎಂದೆ. ಅಮ್ಮ ನಿಂತುಬಿಟ್ಟಳು. ಟ್ರಾಮು ಬಂತು, ಹೋಯಿತು. ನಾವು ಹತ್ತಲಿಲ್ಲ.

ಮನೆಗೆ ಬಂದು ನಾನು ಕಪ್ಪಿನ ವಿಷಯ ಹೇಳಿದೆ. ಹೇಳದಿದ್ದರೆ ಎದೆ ಒಡೆಯುತ್ತಿತ್ತು.

"ಬಾಯಿ ತಾಗ್ಸಿದ್ಯಾ?" ಎಂದಳು ಅಮ್ಮ. "ಮೂವತ್ತು ಜನರ ಎಂಜಲಿಗೆ ಬಾಯಿ ತಾಗ್ಸಿದ್ಯಾ? ಮತ್ತೆ ಬಾರದೆ ಇರ್ತದಾ?"

"ಅಲ್ಲ ಅಮ್ಮ, ಮೊದಲು ಕುಡಿದವ ನಾನು. ಅವರ ಎಂಜಲು ನನಗಲ್ಲ, ನನ್ನ ಎಂಜಲು ಅವರಿಗೆ ಹೋಗಿದೆ."

ಎಂಜಲು ಎಂದರೆ ಬೇರೆಯವರಿಂದ ನಮಗೆ ತಾಗುವುದು ಎಂದೇ ಅಮ್ಮ ಇಡೀ ಜನ್ಮ ತಿಳಿದಿದ್ದಳು. ನಮ್ಮದೂ ಇನ್ನೊಬ್ಬರಿಗೆ ತಾಗೀತು ಎಂಬುದು ಅವಳಿಗೆ ಹೊಸದು. ನನಗೂ ಹೊಸದೇ. ಅವಳು ಒಲೆಯ ಮುಂದೆ ಹೋಗಿ ಕೂತಳು.

ಅಪ್ಪಯ್ಯ ಬಂದವರು ಶರ್ಟು ಕೂಡ ಬಿಚ್ಚದೆ ಎಲ್ಲ ಕೇಳಿಸಿಕೊಂಡರು. "ಯಾರ ಹತ್ರವೂ ಹೇಳ್ಬೇಡ. ಕೇಳಿದ್ರೆ ಟೈಫಾಯ್ಡ್ ಅಂತ ಹೇಳು."

"ಟೀಮಿನವರಿಗೆ ಹೇಳ್ಬೇಕಲ್ಲ ಅಪ್ಪಯ್ಯ. ಅವರೂ ಫಿಲ್ಮ್ ತೆಗೆಸ್ಬೇಕು."

"ನಾನು ಅಡಿಗೆಯವ ಮಾರಾಯ. ಇಡೀ ಫೋರ್ಟಿನ ಆಫೀಸಿನವ್ರು ನನ್ನ ಕೈಯಡಿಗೆ ಉಣ್ತಾರೆ. ಭಟ್ಟರ ಮನೇಲಿ ಕ್ಷಯ ಅಂತ ಗೊತ್ತಾದ್ರೆ ಒಬ್ಬ ಒಳಗೆ ಬರ್ತಾನಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನನ್ನು ಆಸ್ಪತ್ರೆಯ ವಾರ್ಡಿಗೆ ಸೇರಿಸಿದರು. ದಿನಾ ಬೆಳಿಗ್ಗೆ ಒಂದು ಇಂಜೆಕ್ಷನ್, ಕುಂಡೆಯ ಎಡಕ್ಕೊಂದು ದಿನ, ಬಲಕ್ಕೊಂದು ದಿನ. ಅದರ ಜೊತೆ ವಾಂತಿ ಬರುವಷ್ಟು ಕಹಿಯಾದ, ಹರಳು ಹರಳಾದ ಔಷಧ. ಕಿವಿಯ ಗುಂಯ್ ಸದ್ದು ಆಗ ಶುರುವಾದದ್ದು. ಮನೆಯಿಂದ ನನ್ನ ತಟ್ಟೆ ಲೋಟ ಬೇರೆಯಾಗಿ ಬಂದವು, ಲೋಟದ ತಳದಲ್ಲಿ ಅಮ್ಮ ಮೊಳೆಯಿಂದ ಒಂದು ಗೀರು ಹಾಕಿದ್ದಳು. ಅದನ್ನು ಕಂಡು ಒಮ್ಮೆ ಅತ್ತೆ. ಆದರೆ ಅದೇ ಅಮ್ಮ ದಿನವೂ ಚಾಳಿನಿಂದ ನಡೆದು ಬಂದು, ಆ ಗೀರಿನ ಲೋಟವನ್ನು ತಾನೇ ಕೈಯಾರೆ ತೊಳೆಯುತ್ತಿದ್ದಳು, ಆಯಾಗಳಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ನನ್ನ ಹೆದರಿಕೆ ಸಾವಿನದ್ದಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಇತ್ತು. ಆದರೆ ಅದಕ್ಕಿಂತ ಮುಂದೆ ಹೋಮಿ ಇದ್ದ. ಮಲಗಿ ಕಣ್ಣು ಮುಚ್ಚಿದರೆ ಬೆಳ್ಳಿಯ ಅಂಚು, ಅದರ ಮೇಲೆ ಅವನ ತುಟಿ. ಒಂದು ಬೆಳಿಗ್ಗೆ ಬಾಯಿ ರೌಂಡಿಗೆ ಬಂದಾಗ ಕೇಳಿಯೇಬಿಟ್ಟೆ, ಕಪ್ಪಿನಿಂದ ಬರುತ್ತದೆಯೇ ಎಂದು.

"ಕಪ್ಪಿನಿಂದ ಬಹುಶಃ ಇಲ್ಲ," ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ ಅವರೇ ಕೇಳಿದರು, "ಆ ಆಟ ಹೇಗೆ ಆಡ್ತೀರಿ?" ನಾನು ಸ್ಕ್ರಮ್ ವಿವರಿಸಿದೆ, ತಲೆಗೆ ತಲೆ, ಕೆನ್ನೆಗೆ ಕೆನ್ನೆ. ಅವರು ಪೆನ್ನಿನ ಕ್ಯಾಪ್ ಹಾಕಿದರು. "ಎಷ್ಟು ಜನ? ಎಲ್ಲರನ್ನೂ ಕಳಿಸು. ನಾನೇ ನೋಡ್ತೇನೆ."

ಅಂದರೆ ನಾನು ಇಷ್ಟು ದಿನ ಹೆದರಿದ್ದು ತಪ್ಪು ಜಾಗದಲ್ಲಿ. ಪಾಪ, ಆ ಕಪ್ ಸುಮ್ಮನೆ ಬೈಸಿಕೊಂಡಿತು. ಉಸಿರಾಟವೇ ಅಪರಾಧಿ, ಅದನ್ನು ಯಾವ ಮಡಿಯೂ ತಡೆಯುತ್ತಿರಲಿಲ್ಲ.

ಅದೇ ದಿನ ಹೋಮಿಗೆ ಅವನ ಕಾಲೇಜಿನ ವಿಳಾಸಕ್ಕೆ ಒಂದು ಕಾಗದ ಬರೆದೆ. ನನಗೆ ಕ್ಷಯ, ನೀನೂ ನಿಮ್ಮವರೂ ನಮ್ಮವರೂ ಇಲ್ಲಿಗೆ ಬಂದು ಫಿಲ್ಮ್ ತೆಗೆಸಿಕೊಳ್ಳಿ, ನಮ್ಮ ಮಾಸ್ತರರಿಗೂ ನೀನೇ ತಿಳಿಸು ಎಂದು. ಅಪ್ಪಯ್ಯ ಬಂದಾಗ ಅವರ ಕೈಗೇ ಕೊಟ್ಟು, "ಪೋಸ್ಟ್ ಮಾಡಿ," ಎಂದೆ. ವಿಳಾಸ ನೋಡಿ ಅವರು ಜೇಬಿಗಿಟ್ಟುಕೊಂಡರು.

ಒಂದು ವಾರವಾಯಿತು, ಹತ್ತು ದಿನವಾಯಿತು, ಯಾರೂ ಬರಲಿಲ್ಲ. ಹೆದರಿ ದೂರ ಉಳಿದರು ಎಂದುಕೊಂಡೆ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ವಾರ್ಡಿನ ವರಾಂಡದಿಂದ ಕೆಳಗೆ ನೋಡಿದರೆ ಎಕ್ಸ್‌ರೇ ಕೋಣೆಯ ಮುಂದೆ ಎರಡು ಬೆಂಚು, ಒಂದರಲ್ಲಿ ನಮ್ಮವರು, ಎದುರಿನದರಲ್ಲಿ ಗುಡ್ಡದವರು. ಅಷ್ಟು ದಪ್ಪ ಹುಡುಗರು ಅಷ್ಟು ಮೆತ್ತಗೆ ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅಲ್ಲಿಯೂ ಎರಡು ಕಾಲೇಜು ಬೆರೆತು ಕೂತಿರಲಿಲ್ಲ. ಒಬ್ಬೊಬ್ಬನೇ ಶರ್ಟು ಬಿಚ್ಚಿ ಒಳಗೆ ಹೋಗುತ್ತಿದ್ದ, ಹೊರಗೆ ಬಂದು ಬಟನ್ ತಪ್ಪು ತೂತಿಗೆ ಹಾಕುತ್ತಿದ್ದ. ನನಗೆ ಕೆಳಗಿಳಿಯಲು ಅಪ್ಪಣೆ ಇರಲಿಲ್ಲ.

ಹೋಮಿಯ ಸರದಿ ಬಂತು. ಬಾಗಿಲಲ್ಲಿ ನಿಂತು ತಲೆಯೆತ್ತಿ ನನ್ನನ್ನು ಕಂಡ. ಮೂರು ಬೆರಳು ಒಂದೊಂದಾಗಿ ಎತ್ತುತ್ತಾ ಎಲ್ಲರಿಗೂ ಕೇಳುವ ಹಾಗೆ ಎಣಿಸಿದ, "ಒಂಜಿ, ರಡ್ಡ್, ಮೂಜಿ." ಎದೆ ಉಬ್ಬಿಸಿ ಉಸಿರು ಹಿಡಿದು ಒಳಗೆ ಹೋದ. ನಮ್ಮ ಗುಟ್ಟು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಸೋತರಲ್ಲ ಎಂದು ಆ ಗಾಬರಿಯಲ್ಲೂ ನಗು ಬಂತು.

ಆ ಸಂಜೆ ಅಪ್ಪಯ್ಯ ಬಂದರು, ಕಂಕುಳಲ್ಲಿ ಒಂದು ದೊಡ್ಡ ಕಂದು ಲಕೋಟೆ. ಅದರಲ್ಲಿ ಅವರದ್ದೇ ಎದೆಯ ಫಿಲ್ಮ್. "ಮೊದ್ಲು ನಾನು ತೆಗೆಸ್ಕೊಂಡೆ," ಎಂದರು. "ಕ್ಲಿಯರ್ ಉಂಟು. ಹೋಟೆಲಿನಲ್ಲಿ ಎಲ್ಲರ ಎದುರು ಬಲ್ಬಿಗೆ ಹಿಡ್ದು ತೋರ್ಸಿದೆ. ಮನೇಲಿ ಮಗನಿಗೆ ಉಂಟು, ನನಗಿಲ್ಲ, ಇನ್ನು ನಿಮ್ಮಿಷ್ಟ ಅಂತ ಹೇಳಿದೆ. ಆಮೇಲೆ ಪೋಸ್ಟ್ ಮಾಡಿದೆ."

"ಧಣಿಗಳು ಎಂತ ಹೇಳಿದ್ರು?"

"ಎರಡು ತಿಂಗಳು ಒಲೆ ಹತ್ರ ಬರ್ಬೇಡಿ ಭಟ್ರೇ, ಗಲ್ಲೆಯಲ್ಲಿ ದುಡ್ಡು ಎಣಿಸ್ತಾ ಕೂತ್ಕೊಳ್ಳಿ ಅಂದ್ರು." ನಲವತ್ತು ವರ್ಷ ಒಲೆಯ ಮುಂದೆ ನಿಂತವರು ಅದನ್ನು ಹೇಳುವಾಗ ತಮ್ಮ ಕೈಗಳನ್ನೇ ನೋಡುತ್ತಿದ್ದರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು, ಹತ್ತಿರ ಹೋಗಲು ಹೆದರಿಕೆಯಾಯಿತು.

ಮೂರು ದಿನದ ನಂತರ ಹೋಮಿ ವರಾಂಡದ ಆ ತುದಿಗೆ ಬಂದು ನಿಂತ. ಡಾಕ್ಟರ್ ಬಾಯಿಯವರ ನಿಯಮದಂತೆ ನಡುವೆ ಹತ್ತು ಹೆಜ್ಜೆ.

"ಎಲ್ಲರದ್ದೂ ಸರಿ ಇದೆ," ಎಂದ. "ನನ್ನದು ಎರಡು ಸಲ ತೆಗೆದರು. ಬಲಗಡೆ, ಮೇಲೆ. ಚಿಕ್ಕದು. ಒಂದು ವರ್ಷ ಗುಳಿಗೆ. ಆಟ ಇಲ್ಲ."

ನಾನು ಇನ್ನೊಂದು ಹೆಜ್ಜೆ ಹಿಂದೆ ಸರಿದೆ.

"ಯಾರಿಂದ ಬಂತು ಅಂತ ಬಾಯಿಯನ್ನು ಕೇಳಿದೆ. ಹೇಳೋಕಾಗಲ್ಲ ಅಂದರು. ದಿನಾ ಲೋಕಲ್‌ನಲ್ಲಿ ನಿಂತು ಬರ್ತೀಯಲ್ಲ, ಅದೂ ಒಂದು ಸ್ಕ್ರಮ್ಮೇ ಅಂದರು." ಅವನು ಕಂಬಿ ಹಿಡಿದುಕೊಂಡ. "ನಿನ್ನ ಕಾಗದದಲ್ಲಿ ಇಂಗಿನ ವಾಸನೆ ಇತ್ತು. ತಾರೀಕು ಹಳೆಯದು. ಅದು ಬಿಡು. ಒಂದೇ ಮಾತು ಕೇಳ್ತೀನಿ. ಆವತ್ತು ಆಡುವಾಗ ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಕ್ಷಯ ಎಂದು ನಿಜವಾಗಿಯೂ ಗೊತ್ತಿರಲಿಲ್ಲ.

"ಅರ್ಧ ಗೊತ್ತಿತ್ತು," ಎಂದೆ.

ಅವನು ಕಂಬಿ ಬಿಟ್ಟ. ಆಮೇಲೆ ತಿರುಗಿ ಮೆಟ್ಟಿಲಿಳಿದು ಹೋದ. ನಾನು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಅಮ್ಮ ತಂದ ಗಂಜಿ ಗೀರಿನ ಲೋಟದಲ್ಲೇ ಆರಿತು.

ಮೂರು ತಿಂಗಳಿಗೆ ಮನೆಗೆ ಬಿಟ್ಟರು. ಕಫದಲ್ಲಿ ಏನೂ ಇಲ್ಲ, ಇನ್ನು ನಿನ್ನಿಂದ ಯಾರಿಗೂ ಬರುವುದಿಲ್ಲ ಎಂದು ಬಾಯಿ ಹೇಳಿದರು. ಅಪ್ಪಯ್ಯ ಗಲ್ಲೆಯಿಂದ ಒಲೆಗೆ ಮರಳಿದರು. ಅಮ್ಮ ಒಂದು ದಿನ ಮರೆತೋ ಬೇಕೆಂದೋ ನನಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟಳು. ನಾನೇ ಎದ್ದು ಹೋಗಿ ಗೀರಿನ ಲೋಟ ಹುಡುಕಿ ತಂದೆ. ಆಸ್ಪತ್ರೆ ನನ್ನನ್ನು ಬಿಟ್ಟಿತ್ತು, ನಾನು ಬಿಟ್ಟಿರಲಿಲ್ಲ. ಚಾಳಿನ ಗ್ಯಾಲರಿಯಲ್ಲಿ ಯಾರಾದರೂ ಬಂದರೆ ಮಿಲ್ಲಿನ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಮಾತಾಡುವಾಗ ಕರವಸ್ತ್ರ. ಎದುರಿನವರ ಮುಖಕ್ಕೆ ನನ್ನ ಉಸಿರು ತಾಗದಷ್ಟು ದೂರ ಎಷ್ಟೆಂದು ನನಗೆ ಬಾಯಿಪಾಠವಾಗಿತ್ತು. ಯಾರಾದರೂ ತಾವಾಗಿ ಆ ದೂರ ದಾಟಿ ಬಂದಿದ್ದರೆ ಎಂದು ಆಸೆಯೂ ಇತ್ತು. ಯಾರೂ ಬರಲಿಲ್ಲ. ಬರುವಂತೆ ನಾನೂ ನಿಲ್ಲಲಿಲ್ಲ. ಹೋಮಿಗೆ ಎರಡು ಕಾಗದ ಬರೆದೆ, ಉತ್ತರವಿಲ್ಲ.

ಮುಂದಿನ ಮಳೆಗಾಲದ ಮ್ಯಾಚಿಗೆ ಅಪ್ಪಯ್ಯ ಎಂದಿನಂತೆ ಪಾನಕ ಮಾಡಿದರು. ಹುಡುಗರು ನಮ್ಮ ಮನೆಯದನ್ನು ಕುಡಿಯುತ್ತಾರೋ ಇಲ್ಲವೋ ಎಂದು ಕೇಳಿದೆ. "ಕುಡಿಯದಿದ್ರೆ ವಾಪಸ್ ತಾ," ಎಂದರು. ಕೊಡವನ್ನು ಮೈದಾನದ ಅಂಚಿಗೆ ತಲುಪಿಸಿ, ನಾನು ಪ್ರೇಕ್ಷಕರ ಮೆಟ್ಟಿಲುಗಳ ಕೊನೆಯ ಸಾಲಿನಲ್ಲಿ, ಸುತ್ತ ಯಾರೂ ಇಲ್ಲದ ಕಡೆ ಕೂತೆ. ಆಟ ಶುರುವಾದ ಮೇಲೆ ಒಬ್ಬ ಬಂದು ನಾಲ್ಕು ಜಾಗ ಬಿಟ್ಟು ಕೂತ. ಹೋಮಿ. ಗುಳಿಗೆಯಿಂದಲೋ ಕೂತು ತಿಂದೋ ಅವನು ದಪ್ಪಗಾಗಿದ್ದ. ನನ್ನ ಕಡೆ ನೋಡಲಿಲ್ಲ.

ಆ ದಿನ ನಾವು ಸೋತೆವು. ಅಷ್ಟು ವರ್ಷದ ಮೇಲೆ ಗುಡ್ಡದವರು ಗೆದ್ದರು, ಅದೂ ಹೋಮಿ ಆಡದ ವರ್ಷ. ಅವರ ಹೊಸ ಕ್ಯಾಪ್ಟನ್ ಕಪ್ಪಿಗೆ ಪಾನಕ ತುಂಬಿಸಿಕೊಂಡು, ತಾನು ಕುಡಿಯದೆ, ಕೆಸರು ಕಾಲಿನಲ್ಲಿ ಮೆಟ್ಟಿಲು ಹತ್ತಿ ಬಂದು ಹೋಮಿಯ ಕೈಗೆ ಕೊಟ್ಟ. ಹಿಂದೆಯೇ ಎರಡೂ ಟೀಮು ಬಂದು ಕೆಳಗಿನ ಮೆಟ್ಟಿಲುಗಳಲ್ಲಿ ನಿಂತವು. ನನಗೆ ಎದ್ದು ಹೋಗಬೇಕೆನಿಸಿತು, ದಾರಿ ಇರಲಿಲ್ಲ.

ಹೋಮಿ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿದ. ತಲೆ ಹಿಂದಕ್ಕೆ ಬಾಗಿಸಿ, ಒಂದು ಗೇಣು ಮೇಲಿನಿಂದ ಸಣ್ಣ ಧಾರೆಯಾಗಿ ಗಂಟಲಿಗೆ ಹೊಯ್ದುಕೊಂಡ. ಒಂದು ಹನಿ ಹೊರಗೆ ಬೀಳಲಿಲ್ಲ. ಎರಡು ಹಿಡಿಕೆಯ ಆ ಕಪ್ಪಿನಿಂದ ಹಾಗೆ ಕುಡಿಯಲು ನನಗೇ ಎರಡು ವರ್ಷ ಹಿಡಿದಿತ್ತು.

"ಎಲ್ಲಿ ಕಲಿತೆ?" ಎಂದೆ. ಒಂದು ವರ್ಷದ ಮೇಲೆ ನಾನು ಅವನ ಹತ್ತಿರ ಆಡಿದ ಮೊದಲ ಮಾತು.

"ಮನೆಯಲ್ಲಿ," ಎಂದ. "ನಮ್ಮ ಬಪಾಯ್‌ಜಿ, ಅಂದರೆ ಅಪ್ಪನ ತಾಯಿ, ಲೋಟಕ್ಕೆ ತುಟಿ ತಾಗಿಸಿದರೆ ಕೈ ಮೇಲೆ ಹೊಡೀತಿದ್ದಳು. ಕಾಲೇಜಿನ ಮೊದಲ ವರ್ಷ ನಿನಗೆ ಎಲ್ಲರೂ ಪಂಡಿತ್‌ಜೀ ಅಂತ ಚಪ್ಪಾಳೆ ತಟ್ಟಿದ್ದು ನೋಡಿದೆ. ನನಗೆ ಧೈರ್ಯ ಆಗಲಿಲ್ಲ. ಎಲ್ಲರಂತೆ ಕುಡಿದೆ."

ಕಪ್ಪನ್ನು ನನ್ನ ಕಡೆ ನೀಡಿದ. ಬೇಡ ಎಂದು ತಲೆಯಾಡಿಸಿದೆ. ಅವನು ನೀಡಿದ ಕೈ ಹಿಂದೆಗೆಯಲಿಲ್ಲ. ತೆಗೆದುಕೊಂಡು ಎತ್ತಿ ಹಿಡಿದೆ. ಉಸಿರು ನಿಂತಿತು, ಅಂದರೆ ಹಿಡಿದಲ್ಲಿ ನಿಂತಿತು, ಕೆಮ್ಮು ಬರಲಿಲ್ಲ. ಬೆಲ್ಲದ ಸಿಹಿ, ಹಿಂದೆಯೇ ಕಾಳುಮೆಣಸು. ಕಪ್ ಕೆಳಗೆ ಹೋಯಿತು. ಕ್ಯಾಪ್ಟನ್ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತಾನೂ ಎತ್ತಿ ಹೊಯ್ದುಕೊಂಡ, ಅರ್ಧ ಮೂಗಿಗೆ ಹೋಯಿತು. ಅವನ ನಂತರದವನೂ ಹಾಗೇ, ಅವನ ನಂತರದವನೂ. ಮೂವತ್ತು ಜನರ ಎದೆಯ ಮೇಲೆ ಪಾನಕ ಚೆಲ್ಲಿತು. ನನ್ನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದರೋ, ಕಾಯಿಲೆಯ ಹೆದರಿಕೆಯಿಂದ ಮಾಡಿದರೋ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆಮೇಲಿನ ವರ್ಷಗಳಲ್ಲಿಯೂ ಎರಡೂ ಟೀಮು ಹಾಗೇ ಕುಡಿಯುತ್ತಿದ್ದವು, ಹೊಸ ಹುಡುಗರು ಅದನ್ನು ಇಂಗ್ಲಿಷರ ಪದ್ಧತಿ ಎಂದುಕೊಂಡಿದ್ದರು.

ಹೋಮಿ ನಡುವಿನ ನಾಲ್ಕು ಜಾಗ ದಾಟಿ ಬಂದು ಪಕ್ಕದಲ್ಲಿ ಕೂತ. ನಾನು ರೂಢಿಯಂತೆ ಮುಖ ತಿರುಗಿಸಿ ಕರವಸ್ತ್ರಕ್ಕೆ ಕೈ ಹಾಕಿದೆ. ಅವನು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಸ್ಕ್ರಮ್ಮಿನಲ್ಲಿದ್ದಷ್ಟೇ ಹತ್ತಿರಕ್ಕೆ ಮುಖ ತಂದು ಮೂಗು ಅರಳಿಸಿದ. ಒಂದು ವರ್ಷದಿಂದ ಯಾರೂ ಅಷ್ಟು ಹತ್ತಿರ ಬಂದಿರಲಿಲ್ಲ. ನಾನು ಉಸಿರು ಬಿಗಿ ಹಿಡಿದು ಕೂತೆ.

"ಉಸಿರು ಬಿಡು ರಾವ್, ಇಲ್ಲದಿದ್ದರೆ ಹೇಗೆ ಗೊತ್ತಾಗಬೇಕು," ಎಂದ.

ಬಿಟ್ಟೆ.

"ಇಡ್ಲಿ," ಎಂದ ಅವನು.

ನಾನು ಆ ದಿನ ತಿಂದದ್ದು ಅವಲಕ್ಕಿ. "ಇಡ್ಲಿಯೇ," ಎಂದೆ.